ಮೆಟ್ಟಿಲ ಕೆಳಗಿನ ಘಟಿಕಾಸ್ಥಾನ

ಟೀಚರಮ್ಮನ ಮನೆಯಲ್ಲಿ ಮೆಟ್ಟಿಲ ಕೆಳಗೊಂದು ಗೂಡಿನಂಥ ಕೋಣೆ. ಒಬ್ಬರು ಕೂತರೆ ಇನ್ನೊಬ್ಬರಿಗೆ ಕಾಲಿಡಲೂ ಜಾಗವಿಲ್ಲ. ಬಾಗಿಲ ಮೇಲಿನ ಬೋರ್ಡಿನ ಗತ್ತು ನೋಡಬೇಕು: ‘ಘಟಿಕಾಸ್ಥಾನ’! ಹಿಂದಿನ ಕಾಲದಲ್ಲಿ ಪಂಡಿತರು ಕೂತು ಓದುವ, ಯೋಚಿಸುವ ಜಾಗಕ್ಕೆ ಹಾಗನ್ನುತ್ತಿದ್ದರಂತೆ. ಇಲ್ಲಿ ಮೊದಲು ಇದ್ದದ್ದು ಈರುಳ್ಳಿ ಮೂಟೆ, ಹರಕು ಚಾಪೆ.

ಅವಳ ಗಂಡ ಬೋರ್ಡು ಬರೆಯುವ ಪೇಂಟರ್. ಯಾರೋ ಟ್ಯೂಷನ್ ಮೇಷ್ಟರು ಆ ಹೆಸರು ಬರೆಸಿ, ಮಕ್ಕಳೇ ಸೇರದೆ ಊರು ಬಿಟ್ಟರು. ಬೋರ್ಡು ಇವನ ತಲೆಗೇ ಬಿತ್ತು. ಮದುವೆಗೋಸ್ಕರ ಓದು ಬಿಟ್ಟಿದ್ದ ಹೆಂಡತಿ ಒಲೆ ಮುಂದೆ ಹಳೇ ಪುಸ್ತಕ ತಿರುವುವುದನ್ನು ಅವನು ನೋಡಿದ್ದ. ಸರಿ, ಈರುಳ್ಳಿ ಹೊರಗೆ ಬಂತು, ಅವಳು ಒಳಗೆ ಹೋದಳು. ಕಾನೂನು ಒಂದೇ. ಅವಳು ಒಳಗಿದ್ದಾಗ ಯಾರೂ ಕರೆಯಬಾರದು. ಹಾಲು ಉಕ್ಕಿದರೂ ಕರೆಯಬಾರದಾ ಅಂತ ಅತ್ತೆ ಮೂಗು ಮುರಿದರು. ಉಕ್ಕಲಿ ಬಿಡಮ್ಮ, ನಾನು ಒರೆಸ್ತೀನಿ ಅಂದ. ಒರೆಸಿದ ಕೂಡ, ಪಾಪ. ಎಂಥ ಚೆಂದದ ದಿನಗಳವು!

ಟೀಚರ್ ಕೆಲಸದ ಪರೀಕ್ಷೆಗೆ ಇನ್ನೊಂದೇ ದಿನ ಇದೆ ಅನ್ನುವಾಗ ಅವನು ಔಷಧಿ ಅಂಗಡಿಯೊಂದರ ಬೋರ್ಡು ಬರೆಯುತ್ತಾ ಏಣಿಯಿಂದ ಬಿದ್ದ. ಬಲಗೈ ಮುರಿಯಿತು. ಅಂಗಡಿಯವನು ಆಸ್ಪತ್ರೆಗೆ ನಡಿ ಅಂದರೆ, ಹೆಂಡತಿಗೆ ಹೇಳದೆ ಬರಲ್ಲ ಅಂತ ಹಟ ಹಿಡಿದು ಮನೆಗೆ ಬಂದ. ಬಂದ ಮಹಾರಾಯ ಹೇಳಿದನಾ? ಎಲ್ಲಿಯ ಮಾತು. ಮುಚ್ಚಿದ ಬಾಗಿಲ ಮುಂದೆ, ಮುರಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟ. ಕೂಗಲು ಹೋದ ಅಮ್ಮನಿಗೂ ಕಣ್ಣಲ್ಲೇ ಗದರಿದ.

ಸಂಜೆ ನೀರು ಕುಡಿಯಲು ಎದ್ದು ಬಂದ ಅವಳಿಗೆ ಕಂಡದ್ದು ಬೆವರಿ ಬಿಳಿಚಿದ ಗಂಡ, ದಿಂಬಿನ ಹಾಗೆ ಊದಿದ ಕೈ.

“ಯಾಕ್ರೀ ಕರೀಲಿಲ್ಲ?”

“ನಾನೇ ಒಂದು ಸಲ ಕರೆದರೆ, ನಾಳೆಯಿಂದ ಎಲ್ಲರೂ ಕರೀತಾರೆ ಕಣೇ.”

ಮರುದಿನ ಅವಳು ಅಳುತ್ತಲೇ ಹೋಗಿ ಪರೀಕ್ಷೆ ಬರೆದಳು, ಪಾಸಾದಳು, ಸಾವಿರಾರು ಮಕ್ಕಳಿಗೆ ಅಕ್ಷರ ಕಲಿಸಿದಳು. ತಡವಾಗಿ ಕೂಡಿಸಿದ ಆ ಕೈಗೆ ಮಾತ್ರ ಬ್ರಷ್ಷಿನ ಹಿಡಿತ ಮತ್ತೆ ಬರಲಿಲ್ಲ. ಅವನು ಅಡುಗೆ ಕಲಿತ, ಮಗಳಿಗೆ ಎಡಗೈಯಲ್ಲೇ ಜಡೆ ಹಾಕಿದ, ಒಂದು ದಿನವೂ ಗೊಣಗಲಿಲ್ಲ.

ಅವನು ತೀರಿಹೋಗಿ ವರ್ಷವಾಯಿತು. ಮಗಳು, ಅಳಿಯ ಕೆಲಸಕ್ಕೆ ಹೊರಟ ಮೇಲೆ ಅವಳು ಆ ಗೂಡಿನಲ್ಲೇ ಪುಸ್ತಕ ಹಿಡಿದು ಕೂರುತ್ತಾಳೆ. ಒಂದು ಪುಟವೂ ಮುಂದೆ ಹೋಗುವುದಿಲ್ಲ. ಅವತ್ತು ಒಂದೇ ಒಂದು ಸಲ ಕರೆದಿದ್ದರೆ ಏನಾಗುತ್ತಿತ್ತು ಇವರಿಗೆ ಅನ್ನುವ ಸಿಟ್ಟು ಇನ್ನೂ ಇಳಿದಿಲ್ಲ.