ಮೋಟಾರು ಸುತ್ತುತ್ತಿದ್ದ ಹಾಜಿರಾ ಬೀ

ಹಾಜಿರಾ ಬೀ ಎಂಬ ಹೆಸರು ಲೋಕಮ್ಮನ ಕಿವಿಗೆ ಮೊದಲು ಬಿದ್ದದ್ದು ದೂರಿನ ಜೊತೆಗೆ. ಎಪ್ಪತ್ನಾಲ್ಕನೇ ಇಸವಿ, ಗದ್ದೆಯಲ್ಲಿ ಕಳೆ ಕೀಳುವ ದಿನಗಳು. ಶಿಕಾರಿಪುರದಿಂದ ಕುಪ್ಪಗಡ್ಡೆಗೆ ಬಂದ ನಾದಿನಿ ವನಜಮ್ಮ ಕಾಲು ತೊಳೆಯುವ ಮೊದಲೇ ಶುರು ಮಾಡಿದಳು.

"ಅತ್ತಿಗೆ, ಓದಾಕೆ ಅಂತ ಮಗಳನ್ನ ನನ್ನ ಮನ್ಯಾಗ ಬಿಟ್ಟೀಯ. ಆಕಿ ಶಾಲೆ ಬಿಟ್ಟಮ್ಯಾಲೆ ಎಲ್ಲಿರ್ತಾಳೆ ಗೊತ್ತೈತೇನು? ಮೋಟ್ರು ರಿಪೇರಿ ಹಬೀಬುಲ್ಲಾನ ಹಿತ್ಲಾಗೆ. ಅವನ ತಂಗಿ ಹಾಜಿರಾ ಬೀ ಕೂಡೆ ತಂತಿ ಸುತ್ತಿಕೋತ ಕುಂತಿರ್ತಾಳೆ."

ಮರುದಿನ ಶನಿವಾರ, ಅರ್ಧ ದಿನದ ಶಾಲೆ. ಒಂಬತ್ತನೇ ಕ್ಲಾಸಿನ ಮಗಳು ಗುತ್ಯಮ್ಮನನ್ನು ಜಡೆ ಹಿಡಿದು ಎಳೆದು ತರುವುದೆಂದೇ ಲೋಕಮ್ಮ ಮೊದಲ ಬಸ್ಸು ಹತ್ತಿದಳು.

ಶಾಲೆ ಬಿಟ್ಟ ಹೊತ್ತಿಗೆ ಹಬೀಬುಲ್ಲಾನ ಅಂಗಡಿಯ ಹಿಂದೆ, ಗೋಣಿಪರದೆಯ ಆಚೆ, ಗುತ್ಯಮ್ಮನೂ ಸೇರಿ ಐದು ಹುಡುಗಿಯರು ಗುಂಡುಸೂಜಿ ಸುರುವಿದ ತಟ್ಟೆಯ ಸುತ್ತ ಕೂತಿದ್ದರು. ಮೊಳೆಗೆ ತಾಮ್ರದ ತಂತಿ ಸುತ್ತಿ, ತುದಿಗಳನ್ನು ಟಾರ್ಚಿನ ಸೆಲ್ಲಿಗೆ ತಾಗಿಸಿ, ಯಾರ ಮೊಳೆ ಹೆಚ್ಚು ಸೂಜಿ ಎತ್ತುತ್ತದೆ ಎಂಬ ಆಟ. ಸೋತವಳು ಸುಟ್ಟ ಮೋಟಾರಿನ ಸುರುಳಿ ಬಿಚ್ಚಿ ಸುತ್ತು ಎಣಿಸಬೇಕು. ಆ ಸುರುಳಿ ಹಾಜಿರಾ ಬೀಯ ಮಡಿಲಲ್ಲಿತ್ತು.

"ಬೀಬಿ, ನಂದ್ಯಾಕೆ ಒಂದೂ ಎತ್ತವಲ್ದು?" ಒಬ್ಬ ಹುಡುಗಿ ಕೇಳಿದಳು.

"ನನ್ನ ಯಾಕೆ ಕೇಳ್ತೀಯೇ? ಮೊಳೆ ಕೇಳು."

"ಮೊಳೆಗೆ ಬಾಯಿ ಐತೇನು?"

"ನಿಂಗೆ ಕಣ್ಣೈತಲ್ಲ. ಅವಳ ತಂತಿ ನೋಡು, ನಿಂದು ನೋಡು."

ಹುಡುಗಿ ನೋಡಿದಳು. ಕರೆಂಟು ತಡೆಯುವ ಬಣ್ಣವನ್ನು ತಂತಿಯ ತುದಿಯಿಂದ ಕೆರೆಯುವುದನ್ನೇ ಮರೆತಿದ್ದಳು. ಕಲ್ಲಿಗೆ ಉಜ್ಜಿ ತಾಗಿಸಿದಾಗ ಸೂಜಿಗಳು ಎದ್ದವು.

ಬೈಯಲು ಬಾಯಿ ತೆರೆದಿದ್ದ ಲೋಕಮ್ಮನ ಕೈಗೂ ಹಾಜಿರಾ ಬೀ ಒಂದು ಮೊಳೆ ಕೊಟ್ಟಳು. "ಬಯ್ಯೋದು ಆಮ್ಯಾಲೆ ಇದ್ದೇ ಐತ್ರಿ. ಮೊದ್ಲು ಸುತ್ರಿ."

ಲೋಕಮ್ಮ ಸುತ್ತಿದಳು. ಹನ್ನೊಂದು ಸೂಜಿ ಎದ್ದವು. ಬಂದ ನಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಬ್ಬಳೇ ಊರಿಗೆ ವಾಪಸಾದಳು.

ಹಾಜಿರಾ ಬೀ ಇಪ್ಪತ್ತಕ್ಕೇ ಗಂಡನನ್ನು ಕಳೆದುಕೊಂಡು ಅಣ್ಣನ ಮನೆ ಸೇರಿದವಳು. ಹಬೀಬುಲ್ಲಾ ಮೋಟಾರು ಬಿಚ್ಚುತ್ತಿದ್ದ, ಕೂಡಿಸುತ್ತಿದ್ದ. ತಂತಿ ಸುತ್ತುವುದು ಅವನ ದಪ್ಪ ಬೆರಳಿಗೆ ಒಗ್ಗುತ್ತಿರಲಿಲ್ಲ. ಹದಿನೈದು ವರ್ಷ ಸುತ್ತಮುತ್ತಲ ರೈತರು ಹಬೀಬುಲ್ಲಾನ ಕೈಗುಣ ಹೊಗಳಿದ್ದನ್ನೆಲ್ಲ ಆಕೆ ಪರದೆಯ ಹಿಂದೆ ಕೂತು ಸುತ್ತುತ್ತಲೇ ಕೇಳಿದ್ದಳು. ಪರದೆ ದಾಟಿ ಅಂಗಡಿಗೆ ಕಾಲಿಟ್ಟವಳಲ್ಲ.

"ನಂಗೆ ಸಹಿ ಹಾಕಾಕೂ ಬರಲ್ಲ," ಎನ್ನುತ್ತಿದ್ದಳು. "ಗುತ್ಯಮ್ಮ ಹತ್ತನೇದು ಪಾಸಾದ್ರೆ ಶಿವಮೊಗ್ಗದಾಗೆ ಈ ಕೆಲಸಾನೇ ಕಲಿಸ್ತಾರಂತೆ. ಕಾಗದ ಕೊಡ್ತಾರಂತೆ."

ರಿಪೇರಿಯಾದ ಮೋಟಾರಿಗೆ ಬಟ್ಟೆಯ ಚಿಂದಿ ಕಟ್ಟಿ, ಅದು ಯಾವ ಕಡೆ ತಿರುಗುತ್ತದೆಂದು ಹುಡುಗಿಯರಿಂದ ಪಂಥ ಕಟ್ಟಿಸುವುದು ಆಕೆಯ ಇನ್ನೊಂದು ಆಟ. ಮೋಟಾರಿಗೆ ಕರೆಂಟು ತರುವ ಮೂರು ತಂತಿಯಲ್ಲಿ ಎರಡನ್ನು ಅದಲುಬದಲು ಮಾಡಿದರೆ ಚಿಂದಿ ಹಿಂದುಮುಂದಾಗಿ ಸುತ್ತುತ್ತಿತ್ತು.

ಮರುವರ್ಷ ದಸರಾ ರಜೆ. ಗಾಳಿಗೆ ಹರಿದ ಕರೆಂಟಿನ ಲೈನು ಕೂಡಿಸಿ ಹೋಗಿದ್ದರು. ಗದ್ದೆಯ ಮೋಟಾರು ಗುಂಯ್‌ಗುಟ್ಟುತ್ತಿತ್ತು, ನೀರಿಲ್ಲ. ಲೋಕಮ್ಮನ ಗಂಡ ಉಜ್ಜಪ್ಪ ಮೋಟಾರನ್ನು ಶಿಕಾರಿಪುರಕ್ಕೆ ಒಯ್ಯಲು ಗಾಡಿ ಕಟ್ಟಿದ್ದ.

"ಅಪ್ಪ, ಅದು ಉಲ್ಟಾ ತಿರುಗ್ತಾ ಐತೆ," ಎಂದಳು ಗುತ್ಯಮ್ಮ. ಸ್ವಿಚ್ಚು ಆರಿಸಿ, ಫ್ಯೂಜು ಕಿತ್ತು, ಎರಡು ತಂತಿ ಬದಲಿಸಿದಳು. ನೀರು ಕಾಲುವೆಗೆ ಧುಮುಕಿತು.

ಉಜ್ಜಪ್ಪ ನೀರು ನೋಡಲಿಲ್ಲ; ಯಾರಾದರೂ ಕಂಡರೇನೋ ಎಂದು ಸುತ್ತ ನೋಡಿದ. "ಯಾರಾದ್ರೂ ಕೇಳಿದ್ರೆ ಲೈನ್‌ಮನ್ ಬಂದಿದ್ದ ಅನ್ರಿ."

ಆದರೂ ಸುದ್ದಿ ಹಬ್ಬಿತ್ತು. ಕಾರ್ತೀಕದಲ್ಲಿ ಹೆಣ್ಣು ನೋಡಲು ಬಂದ ಚೌಡಪ್ಪ, ವರನ ದೊಡ್ಡಪ್ಪ, ಕಾಫಿ ಹೀರುತ್ತಾ ಮಾತು ತೆಗೆದ. "ಹುಡುಗಿ ಕರೆಂಟಿಗೇ ಕೈ ಹಾಕ್ತಾಳಂತೆ. ನಮ್ಮ ಹುಡುಗನ್ನ ಯಾವ ಕಂಬಕ್ಕೆ ಕಟ್ತಾಳೋ."

ಬಂದವರೆಲ್ಲ ನಕ್ಕರು. ಲೋಕಮ್ಮನೂ ನಕ್ಕಳು. "ಯಾರೋ ಆಗದೋರು ಹೇಳಿರ್ಬೇಕು. ನನ್ನ ಮಗಳಿಗೆ ಸ್ವಿಚ್ಚು ಯಾವ ಕಡೆ ಒತ್ಬೇಕು ಅಂತ್ಲೂ ಗೊತ್ತಿಲ್ಲ."

ಗುತ್ಯಮ್ಮ ಖಾಲಿ ಲೋಟ ಎತ್ತುತ್ತಿದ್ದಳು. ತಾಯಿಯ ಮುಖವನ್ನೊಮ್ಮೆ ನೋಡಿ ಒಳಗೆ ಹೋದಳು. ಮುಂದೆ ಹಾಳಾದ ಟಾರ್ಚು ಕೊಟ್ಟರೂ, "ನಂಗೆ ಗೊತ್ತಾಗಲ್ಲ," ಎನ್ನುತ್ತಿದ್ದಳು.

ಮಾಘಕ್ಕೆ ಲಗ್ನ ಗೊತ್ತಾಯಿತು. ಹತ್ತನೇ ಪರೀಕ್ಷೆ ಅದಾದ ಎರಡು ತಿಂಗಳಿಗೆ. ಮಗಳ ಟ್ರಂಕು, ಹಾಸಿಗೆ ತರಲು ಲೋಕಮ್ಮ ಶಿಕಾರಿಪುರಕ್ಕೆ ಹೋದದ್ದೇ ಹಾಜಿರಾ ಬೀಯನ್ನು ಕಡೆಯ ಸಲ ಕಂಡದ್ದು. ಮಳೆ ಹಿಡಿಯುವ ಮೊದಲೇ ಆಕೆ ಜ್ವರದಲ್ಲಿ ತೀರಿಕೊಂಡಳು. ಹಬೀಬುಲ್ಲಾನ ಕೈಗುಣ ಕೆಟ್ಟಿತೆಂದು ರೈತರು ಬೇರೆ ಅಂಗಡಿ ಹುಡುಕಿಕೊಂಡರು. ಆ ಕಡೆಯ ಭೇಟಿಯಲ್ಲಿ ಹಾಜಿರಾ ಬೀ ಕೇಳಿದ್ದು ಎರಡೇ ಮಾತು, ಲೋಕಮ್ಮ ಎರಡನ್ನೂ ನಡೆಸಿಕೊಡಲಿಲ್ಲ.

ಪರದೆ ದಾಟದವಳು ಅವತ್ತು ಬುರ್ಖಾ ಹಾಕಿಕೊಂಡು ಬಸ್‌ಸ್ಟ್ಯಾಂಡಿಗೇ ಬಂದಿದ್ದಳು. ಬಸ್ಸಿನಲ್ಲಿ ಕೂತಿದ್ದ ಲೋಕಮ್ಮನ ಕಿಟಕಿಯ ಸರಳು ಹಿಡಿದು, "ಮದ್ವೆ ಮುರೀರಿ ಅನ್ನಾಕೆ ಬಂದಿಲ್ರಿ," ಎಂದಳು. "ಎರಡು ತಿಂಗ್ಳು ಮುಂದಕ್ಕೆ ಹಾಕ್ರಿ. ಪರೀಕ್ಷೆ ಒಂದು ಬರೀಲಿ."

"ಲಗ್ನಪತ್ರಿಕೆ ಹಂಚಿ ಆಗೈತೆ ಬೀಬಿ."

ಕಂಡಕ್ಟರು ಸೀಟಿ ಊದಿದ. ಹಾಜಿರಾ ಬೀ ಸರಳು ಬಿಡಲಿಲ್ಲ.

"ಹೋಗ್ಲಿ. ಆವತ್ತು ನೀರು ಬರಿಸಿದ್ದು ನೀನೇ ಅಂತ ಒಂದ್ಸಲ ಹೇಳ್ರಿ. ಊರಿಗೆ ಬ್ಯಾಡ. ಆಕಿಗೆ ಹೇಳಿದ್ರೆ ಸಾಕು."