ಹುಲ್ಲಿನ ಮೇಲೆ ಬಿಟ್ಟ ಗ್ಲೌಸ್

ದಕ್ಷಿಣ ಮೆಂಫಿಸ್‌ನಲ್ಲಿ ಬ್ಯಾಸ್ಕೆಟ್‌ಬಾಲ್ ಕಲಿಸುವವರು ಬೀದಿಗೊಬ್ಬರು ಸಿಗುತ್ತಾರೆ, ಫುಟ್‌ಬಾಲ್ ಕಲಿಸುವವರು ಶಾಲೆಗೊಬ್ಬರು. ಬೇಸ್‌ಬಾಲ್ ಕಲಿಸುವವರು ಯಾರು ಎಂದರೆ ಮಾತ್ರ ಎಲ್ಲರ ಬೆರಳೂ ವಿಲೋ ಬೀದಿಯ ಮೈದಾನದ ಕಡೆಗೇ ತಿರುಗುತ್ತದೆ. ಅಲ್ಲಿ ಹುಲ್ಲು ಕತ್ತರಿಸುವವರೂ, ಆಟ ಹೇಳಿಕೊಡುವವರೂ, ಸೋತು ಅಳುವ ಮಕ್ಕಳ ಮೂಗು ಒರೆಸುವವರೂ ಒಬ್ಬರೇ. ನಗರದ ಉದ್ಯಾನ ಇಲಾಖೆಯ ಸೇವೆಯಿಂದ ಈ ತಿಂಗಳು ನಿವೃತ್ತರಾಗುತ್ತಿರುವ ಶ್ರೀ ಅಲಾಂಜೊ ಪೆಟಿಗ್ರೂ ಅವರಿಗೆ ನಮ್ಮ ಚರ್ಚಿನವರು ಅರ್ಪಿಸುತ್ತಿರುವ ಈ ಗ್ರಂಥದಲ್ಲಿ, ದೊಡ್ಡವರ ಮಾತುಗಳ ನಡುವೆ ಈ ಸಣ್ಣ ಮಾತಿಗೂ ಒಂದು ಮೂಲೆ ಸಿಕ್ಕಿದೆ.

ಅವರ ತಂದೆ ಎಜ್ರಾ ಪೆಟಿಗ್ರೂ ಆಡುತ್ತಿದ್ದ ಕಾಲದಲ್ಲಿ ಬಿಳಿಯರ ಮೈದಾನಕ್ಕೆ ಕಪ್ಪು ಜನ ಕಾಲಿಡುವಂತಿರಲಿಲ್ಲ. ಭಾನುವಾರ ಪ್ರಾರ್ಥನೆ ಮುಗಿದೊಡನೆ ಹೆಂಗಸರು ಟೋಪಿಯನ್ನೂ ತೆಗೆಯದೆ, ಗಂಡಸರು ಟೈ ಸಡಿಲಿಸಿಕೊಂಡು, ನೇರ ವಿಲೋ ಬೀದಿಗೆ ನಡೆಯುತ್ತಿದ್ದರು. ಚೆಂಡು ಹಿಡಿಯುವವರು ತೊಡುವ ಗ್ಲೌಸ್ ಎರಡು ತಂಡಕ್ಕೂ ಸೇರಿ ಇದ್ದದ್ದು ಒಂದು ತಂಡಕ್ಕಾಗುವಷ್ಟೇ. ಹಾಗಾಗಿ ಬ್ಯಾಟ್ ಬೀಸಲು ಹೋಗುವವರು ಗ್ಲೌಸನ್ನು ತಾವು ನಿಂತಿದ್ದ ಜಾಗದಲ್ಲೇ ಹುಲ್ಲಿನ ಮೇಲೆ ಬಿಟ್ಟುಹೋಗಬೇಕು. ಎದುರಾಳಿ ಬಂದು ಅದನ್ನೇ ತೊಡಬೇಕು. ಇನ್ನೊಬ್ಬನ ಬೆವರಿನಲ್ಲಿ ಕೈ ಹಾಕಿದವನು ಅವನ ಮೇಲೆ ಬಹಳ ಹೊತ್ತು ಸಿಟ್ಟಾಗಲಾರ ಎಂದು ಎಜ್ರಾ ಹೇಳುತ್ತಿದ್ದರಂತೆ. ಮಗ ಆ ಪದ್ಧತಿಯನ್ನು ಸಂಜೆಯ ಆಟಗಳಲ್ಲಿ ಇಂದಿನವರೆಗೂ ಬಿಟ್ಟಿಲ್ಲ.

ಕೋಚ್ ಪೆಟಿಗ್ರೂ ಕೆಲಸಕ್ಕೆ ಸೇರಿದಾಗ ಮೈದಾನದಲ್ಲಿ ಮಕ್ಕಳಿಗೆ ನಿಲ್ಲಲು ಜಾಗವಿರಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಜಾರಿದರು. ಬ್ಯಾಸ್ಕೆಟ್‌ಬಾಲಿಗೆ ಒಂದು ಚೆಂಡು, ಕಂಬದ ಮೇಲೊಂದು ಕಬ್ಬಿಣದ ಬಳೆ ಸಾಕು. ಒಬ್ಬನೇ ಇದ್ದರೂ ಆಡಬಹುದು. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಇಲ್ಲಿನ ಫುಟ್‌ಬಾಲಿಗೆ ಹೆಲ್ಮೆಟ್ಟು, ಬಸ್ಸು ಎರಡನ್ನೂ ಶಾಲೆಯೇ ಕೊಡುತ್ತದೆ. ಬೇಸ್‌ಬಾಲಿಗೆ ಒಂಬತ್ತು ಜನ ಬೇಕು, ಸಾಮಾನು ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಸಂಜೆ ಹೊತ್ತು ಎದುರಿಗೆ ನಿಂತು ಚೆಂಡೆಸೆಯುವ ಒಬ್ಬ ದೊಡ್ಡವರು ಬೇಕು. ಊರಾಚೆಯ ಬಿಳಿಯರ ಬಡಾವಣೆಗಳಲ್ಲಿ ಅಪ್ಪ ಅಮ್ಮಂದಿರು ಮಕ್ಕಳನ್ನು ಕಾರಿನಲ್ಲಿ ಕೂರಿಸಿಕೊಂಡು ಊರೂರಿನ ಪಂದ್ಯಗಳಿಗೆ ಹೋಗುತ್ತಾರೆ. ಎರಡೆರಡು ಪಾಳಿ ದುಡಿಯುವ ನಮ್ಮ ಬೀದಿಯ ತಾಯಂದಿರಿಗೆ ಅದು ಎಲ್ಲಿಂದ ಸಾಧ್ಯ? ಟಿವಿಯಲ್ಲಿ ತಮ್ಮಂಥ ಮುಖಗಳು ಬೇರೆ ಆಟಗಳಲ್ಲೇ ಹೆಚ್ಚು ಕಂಡಾಗ ಮಕ್ಕಳು "ಅದು ಬಿಳಿಯರ ಆಟ" ಎಂದರು. ತಂದೆಯ ಬೆವರು ಬಿದ್ದ ಹುಲ್ಲಿನ ಮೇಲೆಯೇ ನಿಂತು ಆ ಮಾತು ಕೇಳಿದ ದಿನ ಕೋಚ್ ಅವರು ಊಟ ಮಾಡಲಿಲ್ಲವೆಂದು ಅವರ ಮಡದಿ ಶ್ರೀಮತಿ ಒಡೆಲ್ ಹೇಳುತ್ತಾರೆ.

ಅವರ ಉಪಕಾರಗಳನ್ನು ಬರೆಯಹೊರಟರೆ ಮುಗಿಯದು. ಅಮ್ಮನ ಕಾಯಿಲೆಯಿಂದಾಗಿ ಶಾಲೆಯನ್ನು ಅರ್ಧಕ್ಕೇ ಬಿಟ್ಟ ಹುಡುಗಿಯೊಬ್ಬಳು ಬೇಲಿಯ ಹೊರಗೆ ನಿಂತು ಆಟ ನೋಡುತ್ತಿದ್ದಳು. ಯಾಕೆ, ಏನು ಎಂದು ಕೇಳದೆ ಆಕೆಯ ಕೈಗೆ ಮೈದಾನದ ಗೆರೆ ಎಳೆಯುವ ಸುಣ್ಣದ ಗಾಡಿ ಕೊಟ್ಟು, "ಗೆರೆ ನೆಟ್ಟಗಿರ್ಲಿ ಮಗಳೇ. ಮಾತಾಡ್ದೇ ಇದ್ರೂ ಪರವಾಗಿಲ್ಲ, ಗೆರೆನೇ ಮಾತಾಡತ್ತೆ" ಎಂದರು. ಆ ಗೆರೆಗಳನ್ನು ಆಕೆಯೇ ಇಂದಿಗೂ ಎಳೆಯುತ್ತಿದ್ದಾಳೆ.

ಕಳೆದ ವಸಂತದ ಆ ಶನಿವಾರವನ್ನು ಹೇಳದೆ ಈ ಬರಹ ಮುಗಿಯಲಾರದು. ಒಂಬತ್ತು ಮಕ್ಕಳು ಸೇರದೆ ಅದರ ಹಿಂದಿನ ಪಂದ್ಯವನ್ನು ಆಡದೆಯೇ ಬಿಟ್ಟುಕೊಟ್ಟಾಗಿತ್ತು. ಇನ್ನೊಮ್ಮೆ ಹಾಗಾದರೆ ತಂಡವನ್ನು ಲೀಗಿನಿಂದ ತೆಗೆಯುತ್ತಾರೆ. ತಂಡವಿಲ್ಲದ ಮೈದಾನಕ್ಕೆ ಕಾಂಕ್ರೀಟು ಸುರಿದು ಬ್ಯಾಸ್ಕೆಟ್‌ಬಾಲ್ ಅಂಗಳ ಮಾಡುವುದೆಂದು ಇಲಾಖೆಯಲ್ಲಿ ಮಾತಾಗಿತ್ತು. ಊರಾಚೆಯ ತಂಡ ಇಸ್ತ್ರಿ ಮಾಡಿದ ಸಮವಸ್ತ್ರದಲ್ಲಿ ಬಂದು ನಿಂತಿತ್ತು. ನಮ್ಮವರು ಎಂಟೇ ಜನ.

"ನನ್ ಕೈಲೇನಿಲ್ಲ ಪೆಟಿಗ್ರೂ ಅವ್ರೇ, ಇನ್ನು ಸ್ವಲ್ಪ ಹೊತ್ತು ಕಾಯ್ತೀನಿ ಅಷ್ಟೇ" ಎಂದರು ಅಂಪೈರ್.

ಕೋಚ್ ಅವರು ಟೋಪಿ ಸರಿಪಡಿಸಿಕೊಂಡು, ಅವಸರ ತೋರದೆ, ರಸ್ತೆಯಾಚೆಯ ಬ್ಯಾಸ್ಕೆಟ್‌ಬಾಲ್ ಬಳೆಯ ಕಡೆಗೆ ನಡೆದರು. ಬೀದಿಯ ಮಕ್ಕಳನ್ನೆಲ್ಲ, ಬರಲಿ ಬಿಡಲಿ, ವರ್ಷದ ಆರಂಭದಲ್ಲೇ ತಂಡದ ಪಟ್ಟಿಗೆ ಸೇರಿಸಿಬಿಡುವುದು ಅವರ ರೂಢಿ. ತಾಯಂದಿರೂ ನಗುತ್ತಲೇ ಒಪ್ಪಿಗೆ ಕೊಡುತ್ತಿದ್ದರು. ಅಲ್ಲಿ ಆಡುತ್ತಿದ್ದವರಲ್ಲಿ ಉದ್ದದವನು ಟ್ರೆವಿಯನ್.

"ಕೋಚ್, ಬೇಡಪ್ಪಾ. ನಿಮ್ಮಾಟದಲ್ಲಿ ನಿಂತೂ ನಿಂತೂ ಕಾಲಿಗೆ ಬೇರು ಬಿಡತ್ತೆ" ಎಂದ. ಉಳಿದವರು ನಕ್ಕರು.

"ಹಂಗಾದ್ರೆ ನೆರಳಾದ್ರೂ ಕೊಡು, ಬಾ. ಹಿಡಿ!" ಎಂದವರೇ ಜೇಬಿನಿಂದ ಚೆಂಡು ತೆಗೆದು ಎಸೆದರು. ಹುಡುಗ ಬರಿಗೈಯಲ್ಲೇ ಹಿಡಿದ.

"ಉರೀತಾ?"

"ಇಲ್ಲ."

"ಸುಳ್ಳಾ. ಬಾ, ಗ್ಲೌಸ್ ಕೊಡ್ತೀನಿ."

ತಮ್ಮ ಹಳೆಯ ಗ್ಲೌಸನ್ನೇ ಅವನ ಕೈಗೆ ತೊಡಿಸಿ ದೂರದ ಬಲಮೂಲೆಯಲ್ಲಿ ನಿಲ್ಲಿಸಿದರು. ಒಂಬತ್ತಾಯಿತು, ಪಂದ್ಯ ಶುರುವಾಯಿತು. ನಮ್ಮ ಮಕ್ಕಳು ಜಗ್ಗಲಿಲ್ಲ, ಕೊನೆಯ ಸುತ್ತಿನವರೆಗೂ ಸರಿಸಮ. ಆಗ ಚೆಂಡು ಎತ್ತರಕ್ಕೆ ಹಾರಿ ಟ್ರೆವಿಯನ್ ಕಡೆಗೇ ಬಂತು. ಹಿಡಿದ! ಮೈದಾನವೆಲ್ಲ ಕೂಗಿತು. ಆದರೆ ಈ ಆಟದಲ್ಲಿ ಕ್ಯಾಚ್ ಹಿಡಿದ ಮೇಲೂ ಮೂರನೆಯ ಬೇಸಿನಲ್ಲಿ ಕಾದು ನಿಂತ ಎದುರಾಳಿ, ‘ಮನೆ’ ಎನ್ನುವ ಬ್ಯಾಟಿನ ಜಾಗಕ್ಕೆ ಓಡಿ ಅಂಕ ಗಳಿಸಬಹುದು. ಅವನು ಓಡುತ್ತಿದ್ದ. ನಮ್ಮ ಟ್ರೆವಿಯನ್ನೋ, ಬ್ಯಾಸ್ಕೆಟ್‌ಬಾಲಿನಲ್ಲಿ ಚೆಂಡು ಹಿಡಿದು ಹೆಜ್ಜೆ ಹಾಕಿದರೆ ಸೀಟಿ ಬೀಳುತ್ತದಲ್ಲ, ಅದೇ ಅಭ್ಯಾಸಬಲದಿಂದ ಒಂದು ಕಾಲನ್ನು ನೆಲಕ್ಕೆ ಊರಿ, ಇನ್ನೊಂದನ್ನು ಆ ಕಡೆ ಈ ಕಡೆ ತಿರುಗಿಸುತ್ತ, ಪಾಸ್ ಕೊಡಲು ಹತ್ತಿರ ಯಾರಾದರೂ ಇದ್ದಾರೆಯೇ ಎಂದು ಹುಡುಕುತ್ತ ನಿಂತುಬಿಟ್ಟಿದ್ದ.

"ಎಸಿಯೋ! ಇಲ್ಲಾ ಓಡೋ! ಯಾಕೋ ಗಡಿಯಾರದ ಮುಳ್ಳಿನ ಥರ ಸುತ್ತುತಿದೀಯ!" ಎಂದು ಎಂಟು ಗಂಟಲು ಕೂಗಿದವು. ಅಷ್ಟರಲ್ಲಿ ಎದುರಾಳಿ ಮನೆ ಸೇರಿದ್ದ. ಆ ಒಂದು ಅಂಕದಿಂದಲೇ ಸೋತೆವು.

ಹುಡುಗ ತಲೆ ತಗ್ಗಿಸಿಕೊಂಡು ಬಂದ. "ನಾನ್ ಹೇಳಿದ್ನಲ್ಲ ಕೋಚ್, ಇದು ನಮ್ಮಾಟ ಅಲ್ಲ."

ಕೋಚ್ ಅವರು ಬೈಯಲಿಲ್ಲ. ಅವನ ಹೆಗಲ ಮೇಲೆ ಕೈಯಿಟ್ಟು ಮೈದಾನ ತೋರಿಸಿದರು. "ನಮ್ಮಪ್ಪ ಅಲ್ಲೇ ನಿಲ್ತಿದ್ದ, ನೀನು ನಿಂತಿದ್ಯಲ್ಲ ಅದೇ ಜಾಗ. ಬೇರೆ ಎಲ್ಲಿಗೆ ಹೋದ್ರೂ ಅವನನ್ನ ತಡೀತಿದ್ರು, ಇಲ್ಲಿ ಮಾತ್ರ ಯಾರೂ ತಡೀಲಿಲ್ಲ. ಇಲ್ಲಿ ಎಷ್ಟು ಹೆಜ್ಜೆ ಬೇಕಾದ್ರೂ ಹಾಕು ಮಗಾ, ಯಾರೂ ಸೀಟಿ ಊದಲ್ಲ."

ಸೋತರೂ ಪಂದ್ಯ ಆಡಿದ್ದರಿಂದ ತಂಡ ಉಳಿಯಿತು, ಮೈದಾನವೂ ಉಳಿಯಿತು. ಮುಂದಿನ ಶನಿವಾರ ಟ್ರೆವಿಯನ್ ಯಾರೂ ಕರೆಯದೆಯೇ ಬಂದ. ಅವನನ್ನು ಗಡಿಯಾರವೆಂದು ಅಣಕಿಸುತ್ತ ಅವನ ಗೆಳೆಯರೂ ಬಂದರು.

ಮೊನ್ನೆ ಕೋಚ್ ಅವರ ಕೊನೆಯ ಸಂಜೆಯ ಆಟ. ಮಕ್ಕಳ ಒತ್ತಾಯಕ್ಕೆ ತಾವೂ ಬಲಮೂಲೆಯಲ್ಲಿ ನಿಂತರು. ಸುತ್ತು ಮುಗಿದಾಗ ಗ್ಲೌಸನ್ನು ಹುಲ್ಲಿನ ಮೇಲಿಟ್ಟು, ಬ್ಯಾಟಿನ ಕಡೆಗೂ ಹೋಗದೆ, ಬೇಲಿಯ ಬಾಗಿಲು ದಾಟಿ ನಿಧಾನವಾಗಿ ನಡೆದುಬಿಟ್ಟರು. "ಕೋಚ್ ಗ್ಲೌಸ್ ಮರೆತ್ರು!" ಎಂದು ಒಬ್ಬ ಚಿಕ್ಕವನು ಎತ್ತಿಕೊಂಡು ಹಿಂದೆ ಓಡಹೊರಟ. ಎದುರು ತಂಡದಿಂದ ಬಂದ ಟ್ರೆವಿಯನ್ ಅವನನ್ನು ತಡೆದ. "ಮರೆತಿಲ್ಲ ಕಣೋ" ಎಂದು ಅದನ್ನು ಇಸಿದುಕೊಂಡು ತನ್ನ ಕೈಗೆ ತೊಟ್ಟ.

ಶ್ರೀ ಪೆಟಿಗ್ರೂ ಅವರಿಗೆ ದೇವರು ದೀರ್ಘಾಯುಸ್ಸನ್ನೂ ನೋವಿಲ್ಲದ ಮಂಡಿಗಳನ್ನೂ ಕೊಡಲಿ. ಬೇಲಿಯ ಪಕ್ಕ, ನೆರಳಿರುವ ಕಡೆ, ಅವರಿಗೊಂದು ಕುರ್ಚಿ ಹಾಕಿದ್ದೇವೆ. ಅಲ್ಲಿ ಕೂತು ಸಿಹಿ ಚಹಾ ಕುಡಿಯುತ್ತ ನಮ್ಮನ್ನೆಲ್ಲ ಇನ್ನೂ ಬಹುಕಾಲ ಬೈಯುತ್ತಿರಲಿ. ಗೆರೆಗಳು ನೆಟ್ಟಗಿರುತ್ತವೆ.