ಗೊರಕಪ್ಪನ ನಿದ್ದೆ ಕೆಟ್ಟ ವರ್ಷ

ನಮ್ಮ ಬೀದಿಯಲ್ಲಿ ಕೂತು ದುಡಿಯುವವರಿದ್ದಾರೆ, ನಿಂತು ದುಡಿಯುವವರಿದ್ದಾರೆ, ಇನ್ನೊಬ್ಬರ ಮೇಲೆ ಕೂತು ದುಡಿಯುವವರೂ ಇದ್ದಾರೆ. ಮಲಗಿ ದುಡಿದವನು ಗೊರಕಪ್ಪ ಒಬ್ಬನೇ. ಅಪ್ಪ ಅಮ್ಮ ಇಟ್ಟ ಹೆಸರು ಅವನಿಗೇ ಮರೆತುಹೋಗಿತ್ತು. ಆಸ್ಪತ್ರೆಯಲ್ಲಿ ಆ ಹೆಸರು ಕೂಗಿದರೆ ಪಕ್ಕದವನ ಮುಖ ನೋಡುತ್ತಿದ್ದ.

ಹಾಸಿಗೆ ಅಂಗಡಿಗೆ ಅವನು ಬಂದದ್ದು ಹತ್ತಿ ತುಂಬುವ ಆಳಾಗಿ. ಒಂದು ಮಧ್ಯಾಹ್ನ ಉಂಡವನೇ, ಬೀದಿಗೆ ಕಾಣುವ ಹಾಗೆ ಶೋಕೇಸಿನಲ್ಲಿ ಹಾಸಿಟ್ಟ ಹಾಸಿಗೆಯ ಮೇಲೆ ಒರಗಿದ. ಬಾಯಿ ತೆರೆಯಿತು, ಕೈಕಾಲು ಚೆಲ್ಲಿದವು, ಗಾಜು ಅದುರುವಂಥ ಗೊರಕೆ ಹೊರಟಿತು. ಹೊರಗೆ ಜನ ನೆರೆದರು. ಮಾಲೀಕರು ಕೋಲು ಹಿಡಿದು ಒಳಗಿನಿಂದ ಧಾವಿಸಿದರು. ಅಷ್ಟರಲ್ಲಿ ಗಿರಾಕಿಯೊಬ್ಬ ಬಾಗಿಲಲ್ಲಿ ನಿಂತು, "ಅವನು ಮಲಗಿದಾನಲ್ಲ, ಅದೇ ಹಾಸಿಗೆ ಬೇಕು" ಎಂದ. ಮಾಲೀಕರ ಕೋಲು ಬೆನ್ನ ಹಿಂದೆ ಸರಿಯಿತು. ಮರುದಿನದಿಂದ ಗೊರಕಪ್ಪನಿಗೆ ನಿದ್ದೆಯೇ ನೌಕರಿ. ಕತ್ತಿ ಝಳಪಿಸಿ ರಾಜಕುಮಾರಿಯನ್ನು ಗೆದ್ದವರ ಕಥೆ ಕೇಳಿದ್ದೇವೆ. ಇವನು ಕಣ್ಣು ಮುಚ್ಚಿಕೊಂಡೇ ಮಾಲೀಕರ ಮಗಳನ್ನು ಗೆದ್ದ.

ನಿದ್ದೆಯಷ್ಟೇ ಅಲ್ಲ, ಸ್ವಭಾವವೂ ಹತ್ತಿಯೇ. ಕಾಲು ತುಳಿದವನಿಗೆ "ನಿಮ್ಮ ಚಪ್ಪಲಿಗೆ ಏನೂ ಆಗಲಿಲ್ಲ ತಾನೇ" ಎನ್ನುವ ಪೈಕಿ. ಮಾವ ಸತ್ತು ಅಂಗಡಿ ಹೆಂಡತಿಯ ತಮ್ಮನ ಕೈಗೆ ಹೋದಾಗ, "ನನಗೇನು, ಮಲಗೋಕೆ ಜಾಗ ಇದ್ದರೆ ಸಾಕು" ಎಂದು ಮಗ್ಗುಲು ಬದಲಿಸಿದ. ಭಾವಮೈದನೂ ಸಭ್ಯಸ್ಥ. "ಭಾವ, ದಯವಿಟ್ಟು ಮಲಗಿ" ಎಂದೇ ಬೆಳಿಗ್ಗೆ ಅಂಗಡಿ ತೆರೆಯುತ್ತಿದ್ದ.

ಇಂಥವನ ರಕ್ತದಲ್ಲಿ ಒಂದು ಹಳೆಯ ಸಂಚು ನಡೆದಿತ್ತು. ಮದುವೆಯ ಹೊಸದರಲ್ಲಿ ಹಾಸಿಗೆ ಹೇರಿದ ಲಾರಿಯ ನೆತ್ತಿಯಿಂದ ಗೊರಕಪ್ಪ ಬಿದ್ದಿದ್ದ. ಸುತ್ತ ನಾಲ್ಕು ಕಡೆ ಇಳಿಸಿಟ್ಟ ಹಾಸಿಗೆಗಳೇ. ಬಿದ್ದದ್ದು ಮಾತ್ರ ನಡುವೆ ಉಳಿದ ಬರಿಗಲ್ಲಿನ ಮೇಲೆ. ತೊಡೆ ಮುರಿದು ರಕ್ತ ಹರಿಯಿತು, ಆಸ್ಪತ್ರೆಯಲ್ಲಿ ಯಾರದೋ ರಕ್ತ ಏರಿಸಿದರು. ಆ ರಕ್ತದ ಜೊತೆ ಕರೆಯದ ನೆಂಟನೊಬ್ಬ ಬಂದು ಲಿವರಿನಲ್ಲಿ ಬಿಡಾರ ಹೂಡಿದ. ಉಂಡ, ತೇಗಿದ, ಸದ್ದು ಮಾಡಲಿಲ್ಲ. ಇಪ್ಪತ್ತು ವರ್ಷದ ಮೇಲೆ ಯಾವುದೋ ತಪಾಸಣೆಯಲ್ಲಿ ಸಿಕ್ಕಿಬಿದ್ದಾಗ ಅವನ ಹೆಸರು ತಿಳಿಯಿತು: ಹೆಪಟೈಟಿಸ್ ಸಿ.

ಇಂದು ಬರಿಯ ಮಾತ್ರೆಯಲ್ಲಿ ಮುಗಿಯುವ ಯುದ್ಧ ಅದು. ಆಗ ವಾರಕ್ಕೊಂದು ಸೂಜಿ, ದಿನಕ್ಕೆರಡು ಹೊತ್ತು ಮಾತ್ರೆ, ಹತ್ತಿರ ಹತ್ತಿರ ಒಂದು ವರ್ಷ. ಡಾಕ್ಟರಮ್ಮ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡರು.

"ಲಿವರ್ ಗಟ್ಟಿಯಾಗೋಕೆ ಶುರುವಾಗಿದೆ. ನಡುವೆ ಸೂಜಿ ಬಿಟ್ಟರೆ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ. ಇನ್ನೊಂದು ಸಲ ಇದೇ ಔಷಧ ಹಿಡಿಯುತ್ತೆ ಅಂತ ನಾನು ಹೇಳಲಾರೆ. ಸೂಜಿ ಫ್ರಿಜ್ಜಲ್ಲಿರಲಿ, ಮೇಲಿನ ಐಸ್ ಖಾನೇಲಿ ಬೇಡ. ಹೆಪ್ಪುಗಟ್ಟಿದರೆ ಕೆಟ್ಟುಹೋಗುತ್ತೆ."

"ಆಗಲಿ" ಎಂದ ಗೊರಕಪ್ಪ.

"ಜ್ವರ ಬಂದ ಹಾಗಾಗುತ್ತೆ. ನಿದ್ದೆ ಹಾರಿಹೋಗಬಹುದು. ಸಿಟ್ಟು ಬರುತ್ತೆ, ಸುಮ್ಮಸುಮ್ಮನೆ ಅಳು ಬರುತ್ತೆ. ಬದುಕೇ ಬೇಡ ಅನ್ನಿಸಿದರೆ ಆ ಗಳಿಗೇಲೇ ನನಗೆ ಫೋನ್ ಮಾಡಿ, ನಾಚಿಕೆ ಬೇಡ. ಮಧ್ಯಾಹ್ನದ ಮೇಲೆ ಟೀ ಬೇಡ. ಮುಖ್ಯವಾಗಿ, ಹಗಲು ಹೊತ್ತು ಹಾಸಿಗೆ ಹತ್ತಲೇಬೇಡಿ. ನಿಮ್ಮ ಕೆಲಸ ಏನು?"

"ಹಗಲು ಹೊತ್ತು ಹಾಸಿಗೆ ಹತ್ತೋದು" ಎಂದ ಗೊರಕಪ್ಪ.

ಡಾಕ್ಟರಮ್ಮ ಹೆಂಡತಿಯ ಕಡೆ ನೋಡಿದರು. "ಅದೇ ಕೆಲಸ" ಎಂದಳು ಅವಳು.

ಸೂಜಿ ಶುರುವಾಗಿ ತಿಂಗಳು ತುಂಬುವುದರೊಳಗೆ ನಿದ್ದೆ ಊರು ಬಿಟ್ಟಿತು. ಗೊರಕೆಯಿಲ್ಲದ ಮನೆಯಲ್ಲಿ ಹೆಂಡತಿಗೂ ದಿಗಿಲು. ಅವಳು ತಮ್ಮನಿಗೆ ಹೇಳಿದಳು. ಇಲ್ಲಿ ನಡೆದದ್ದು ಹಾಸಿಗೆಯವರ ಮನೆತನದಲ್ಲಿ ಮಾತ್ರ ನಡೆಯಬಹುದಾದ ತಪ್ಪು. ಆ ವಂಶಕ್ಕೆ ಇರುವುದು ಒಂದೇ ವೇದಾಂತ: ನಿದ್ದೆ ಬರಲಿಲ್ಲವೆಂದರೆ ಹಾಸಿಗೆ ಸರಿಯಿಲ್ಲ. ಭಾವಮೈದ ಸ್ಪ್ರಿಂಗಿನ ಹಾಸಿಗೆ ಹೊರಿಸಿ ತಂದ. ಆಗಲಿಲ್ಲ. ಅದರ ಮೇಲೆ ಫೋಮಿನದು. ಆಗಲಿಲ್ಲ. ಅದರ ಮೇಲೆ ಹತ್ತಿಯದು, ಹತ್ತಿಯ ಮೇಲೆ ನಾರಿನದು. ಕೋಣೆ ಚಿಕ್ಕದು, ತೆಗೆದಿಡಲು ಜಾಗವಿಲ್ಲ, ಮಂಚ ಮಾಳಿಗೆಯಾಯಿತು. ಗೊರಕಪ್ಪ ಸ್ಟೂಲು ಹಾಕಿಕೊಂಡು ಶಿಖರವೇರುತ್ತಿದ್ದ. ಮೇಲೆ ಫ್ಯಾನಿನ ರೆಕ್ಕೆ ಮೂಗಿನ ನೇರಕ್ಕೆ ತಿರುಗುತ್ತಿತ್ತು. ಹಿಂದೊಮ್ಮೆ ಹಾಸಿಗೆಯ ರಾಶಿಯಿಂದ ಬಿದ್ದವನು ಇನ್ನು ಆ ರಾಶಿಯ ಮೇಲೆ ಕಣ್ಣು ಮುಚ್ಚುತ್ತಾನೆಯೇ?

"ಈಗ ಹೇಗಿದೆ ಭಾವ?" ಎಂದು ಕೆಳಗಿನಿಂದ ಭಾವಮೈದ ಕೇಳಿದ.

"ನಿಮ್ಮಪ್ಪ ಇಲ್ಲೇ ಎಲ್ಲೋ ಪಕ್ಕದಲ್ಲಿರಬೇಕು ಕಣೋ, ಇಷ್ಟು ಮೇಲೆ ಬಂದ ಮೇಲೆ" ಎಂದ ಗೊರಕಪ್ಪ.

ಅದು ಅವನ ಬಾಯಿಂದ ಹೊರಟ ಮೊದಲ ಬಾಣ. ಆಮೇಲೆ ಬತ್ತಳಿಕೆ ಬರಿದಾಗಲೇ ಇಲ್ಲ. ಹಾಸಿಗೆ ನೋಡಲು ಬಂದ ದಪ್ಪ ಗುತ್ತಿಗೆದಾರನಿಗೆ, "ನಿಮಗೆ ಹಾಸಿಗೆ ಸಾಲದು ಸಾರ್, ಅಡಿಪಾಯ ಹಾಕಿಸಿ" ಎಂದ. ಗೋಡೆ ಗಡಿಯಾರಕ್ಕೆ ಕೆಟ್ಟ ಮಾತಲ್ಲಿ ಬೈದ. ನೆಂಟರ ಎದುರು ಹೆಂಡತಿಗೆ, "ಇಪ್ಪತ್ತು ವರ್ಷ ನಾನು ಯಾಕೆ ನಿದ್ದೆ ಮಾಡಿದೆ ಅಂತ ಈಗ ಗೊತ್ತಾಯ್ತು. ನೀನು ಮಾತಾಡ್ತಿದ್ದೆ" ಎಂದ. ನೆಂಟರು ನಕ್ಕರು. ಅವಳು ತಟ್ಟೆಗಳನ್ನೆತ್ತಿಕೊಂಡು ಒಳಗೆ ಹೋದವಳು ಆ ದಿನ ಹೊರಗೆ ಬರಲಿಲ್ಲ.

ಇನ್ನೊಂದು ದಿನ ಹರಿದ ದಿಂಬಿನಿಂದ ಹತ್ತಿ ಇಣುಕುವುದನ್ನು ಕಂಡು ಅಂಗಡಿಯ ನಡುವೆ ಬಿಕ್ಕಿಬಿಕ್ಕಿ ಅತ್ತ. ಅತ್ತು ಮುಗಿದ ಮೇಲೆ ಡಾಕ್ಟರಮ್ಮನಿಗೆ ಫೋನ್ ಮಾಡುವಷ್ಟು ಬುದ್ಧಿ ಅವನಿಗಿತ್ತು. ಅವರು ಮನಸ್ಸಿಗೆಂದು ಇನ್ನೊಂದು ಚಿಕ್ಕ ಮಾತ್ರೆ ಸೇರಿಸಿದರು, ದಿನಾ ನಡೆಯಲು ಹೇಳಿದರು. "ನೀವು ಬೈತಿರೋದಲ್ಲ, ಔಷಧ ಬೈತಿರೋದು" ಎಂದು ಸಮಾಧಾನವನ್ನೂ ಹೇಳಿದರು. ಅದೊಂದು ಹೇಳಬಾರದಿತ್ತು. ಕಳ್ಳನಿಗೆ ಬೀಗದ ಕೈ ಸಿಕ್ಕ ಹಾಗಾಯಿತು. ಯಾರನ್ನು ಹರಿದು ಹಂಚಿದರೂ ಕೊನೆಗೆ ಕೈ ಮುಗಿದು, "ನಾನಲ್ಲ, ಔಷಧ" ಎನ್ನತೊಡಗಿದ. ಆದರೆ ಔಷಧಕ್ಕೆ ನಮ್ಮ ಬೀದಿಯ ಒಬ್ಬೊಬ್ಬರ ಹುಳುಕೂ ಅಷ್ಟು ಚೆನ್ನಾಗಿ ಹೇಗೆ ಗೊತ್ತಿತ್ತೋ.

ಇಷ್ಟಾದರೂ ಶೋಕೇಸು ತಪ್ಪಲಿಲ್ಲ. ಮದುವೆಗಳ ಕಾಲ ಹತ್ತಿರ ಬಂದಿತ್ತು; ವರ್ಷದ ಅರ್ಧ ವ್ಯಾಪಾರ ಆಗಲೇ. ಡಾಕ್ಟರಮ್ಮನ ಮಾತು ಮೂಲೆಗೆ ಬಿತ್ತು, ಗೊರಕಪ್ಪ ಹಾಸಿಗೆಗೆ ಬಿದ್ದ. ನಿದ್ದೆ ಮಾಡುವವನ ಕಷ್ಟ ಯಾರಿಗೂ ಇಲ್ಲ, ನಿದ್ದೆ ನಟಿಸುವವನ ಕಷ್ಟ ಶತ್ರುವಿಗೂ ಬೇಡ. ಮಾತ್ರೆಯ ದೆಸೆಯಿಂದ ಮೈಯೆಲ್ಲ ತುರಿಕೆ. ಬೆನ್ನ ನಡುವೆ ಸೈನ್ಯ ಇಳಿದರೂ ಹಲ್ಲು ಕಡಿದು ತಡೆದುಕೊಳ್ಳಬೇಕು, ಕೈ ಎತ್ತುವ ಹಾಗಿಲ್ಲ, ಗಾಜಿನ ಆಚೆ ಗಿರಾಕಿ ನಿಂತಿದ್ದಾನೆ. ತಲೆಗೂದಲು ಉದುರಿ ಬಿಳಿ ದಿಂಬಿನ ಮೇಲೆ ಗೆರೆ ಬರೆಯುತ್ತಿತ್ತು. ಹೆಣ್ಣು ಕೊಡುವ ತಾಯಿಯೊಬ್ಬಳು ಮಗಳಿಗೆ, "ನಿದ್ದೇಲಿ ಹಲ್ಲು ಕಡಿಯೋ ಗಂಡಸನ್ನ ನಂಬಬಾರದು. ಈ ಅಂಗಡಿ ಬೇಡ ಬಾ" ಎಂದು ಹೇಳಿ ನಡೆದಳು.

ಕಣ್ಣು ಮುಚ್ಚಿ ಎಚ್ಚರವಾಗಿದ್ದವನಿಗೆ ಇನ್ನೊಂದು ಲೋಕ ತೆರೆಯಿತು. ಮಲಗಿದವನ ತಲೆಯ ಹತ್ತಿರ ಜನ ಏನು ಬೇಕಾದರೂ ಮಾತಾಡುತ್ತಾರೆ. ನಿದ್ದೆ ಹೋಗಿರುವ ಸುದ್ದಿ ಭಾವಮೈದನಿಗೆ ಗೊತ್ತಿತ್ತು, ನಿಜ. ಆದರೆ ತಾನೇ ಮಾರುವ ಹಾಸಿಗೆಯ ಮೇಲೆ ಅವನಿಗೆ ಅಪಾರ ನಂಬಿಕೆ. ಒಂದು ದಿನ ಗೊರಕಪ್ಪನನ್ನು ಹೊಸ ಸರಕಿನ ಮೇಲೆ ಮಲಗಿಸಿದ್ದ. ಗೊರಕೆ ಕೇಳಿಸಿತು, ಕೆಲಸವಾಯಿತೆಂದುಕೊಂಡ. ಊಟದ ಡಬ್ಬಿ ತಂದ ಅಕ್ಕನನ್ನು ಶೋಕೇಸಿನ ಪಕ್ಕಕ್ಕೇ ಕರೆದ.

"ಅಕ್ಕ, ಎರಡು ತಿಂಗಳು ಸೂಜಿ ನಿಲ್ಲಲಿ. ಮದುವೆ ಕಾಲ ಮುಗೀಲಿ. ಆಮೇಲೆ ಬೇಕಾದರೆ ಮತ್ತೆ ಮೊದಲಿಂದ ಚುಚ್ಚಿಸೋಣ."

"ಮತ್ತೆ ಹಿಡಿಯುತ್ತೆ ಅಂತ ಹೇಳಲಾರೆ ಅಂದಿದಾರೆ ಕಣೋ. ಇವರೂ ಒಪ್ಪಲ್ಲ."

"ಒಪ್ಪಿಸೋದು ಯಾಕೆ? ಸೂಜಿ ಡಬ್ಬೀನ ಐಸ್ ಖಾನೇಲಿ ಇಟ್ಟುಬಿಡು. ಕಲ್ಲಾಗುತ್ತೆ. ಫ್ರಿಜ್ ಕೆಟ್ಟಿತ್ತು ಅನ್ನು. ಹೊಸದು ತರಿಸೋ ಹೊತ್ತಿಗೆ ಎರಡು ತಿಂಗಳು ನಾನು ಎಳೀತೀನಿ."

ಅವಳು ಊಟದ ಡಬ್ಬಿಯನ್ನು ಇನ್ನೊಂದು ಕೈಗೆ ಬದಲಿಸಿದಳು. ಗೊರಕೆ ಒಂದು ತಾಳ ತಪ್ಪಿತು, ಮತ್ತೆ ಸೇರಿಕೊಂಡಿತು.

"ನಿದ್ದೆ ಇದ್ದಾಗ ಎಷ್ಟು ಒಳ್ಳೆಯವರಾಗಿದ್ದರು" ಎಂದಳು. "ಈಗ ಕಣ್ಣು ಬಿಟ್ಟರೆ ಸಾಕು, ನನ್ನ ಸಿಗೀತಾರೆ. ಮೊನ್ನೆ ನೆಂಟರ ಮುಂದೆ ಅಂದದ್ದು ನಿನಗೆ ಗೊತ್ತಲ್ಲ. ನಾಳೆ ಇಡ್ತೀನಿ."

ಅಷ್ಟರಲ್ಲಿ ಒಬ್ಬ ತಂದೆ, ಮಗಳು, ಅಳಿಯನಾಗುವವ, ಮೂವರೂ ಅಂಗಡಿ ಹೊಕ್ಕರು. ಭಾವಮೈದನ ಮುಖದಲ್ಲಿ ಜೇನು ಸುರಿಯಿತು.

"ಬನ್ನಿ ಬನ್ನಿ. ಮಾತಲ್ಲಿ ಹೇಳಿ ಪ್ರಯೋಜನ ಇಲ್ಲ, ಜೀವಂತ ಸಾಕ್ಷಿ ಇಲ್ಲಿದೆ ನೋಡಿ. ಮಲಗಿದರೆ ಸಿಡಿಲು ಹೊಡೆದರೂ ಏಳಲ್ಲ."

ಸಾಕ್ಷಿ ಎದ್ದು ಕೂತಿತು. ಹೆಣ ಎದ್ದು ಕೂತ ಹಾಗೆ, ಸೊಂಟದಿಂದ ಮೇಲೆ ನೆಟ್ಟಗೆ. ಹುಡುಗಿ ಅಪ್ಪನ ತೋಳು ಹಿಡಿದುಕೊಂಡಳು. ಗೊರಕಪ್ಪ ಮೊದಲು ತನ್ನ ಬೆನ್ನನ್ನು ಮನಸಾರೆ ತುರಿಸಿಕೊಂಡ. ತಿಂಗಳುಗಳ ಬಾಕಿ ಅದು, ಸಾವಕಾಶವಾಗಿಯೇ ತೀರಿಸಿದ. ಆಮೇಲೆ ಶುರು ಮಾಡಿದ.

"ಯಜಮಾನರೇ, ಸಾಕ್ಷಿ ಹೇಳ್ತೀನಿ ಕೇಳಿ. ಈ ಹಾಸಿಗೆ ಮೇಲೆ ನಾನು ಒಂದು ಗಳಿಗೆ ನಿದ್ದೆ ಮಾಡಿಲ್ಲ. ಹಾಸಿಗೇದೇನೂ ತಪ್ಪಿಲ್ಲ. ನನ್ನ ರಕ್ತದಲ್ಲಿ ಕಾಯಿಲೆ ಇದೆ, ಅದಕ್ಕೆ ಸೂಜಿ, ಸೂಜಿಯಿಂದ ನಿದ್ದೆ ಇಲ್ಲ. ಅದಕ್ಕೇ ನನ್ನ ಹೆಂಡತಿ, ಈಕೇನೇ, ನಾಳೆ ನನ್ನ ಔಷಧಾನ ಮಂಜುಗಡ್ಡೆ ಮಾಡ್ತಾಳೆ. ಈತ ನನ್ನ ಭಾವಮೈದ, ಐಡಿಯಾ ಕೊಟ್ಟೋನು. ನಾನು ಸತ್ತರೂ ಪರವಾಗಿಲ್ಲ, ನೀವು ಬಂದಾಗ ಗೊರಕೆ ಹೊಡೀಬೇಕು. ತಗೊಳ್ಳಿ, ಒಳ್ಳೆ ಹಾಸಿಗೆ. ಅಳಿಯಂದಿರೇ, ಮಲಗೋವಾಗ ಒಂದು ಕಣ್ಣು ತೆರೆದಿರಿ."

"ಭಾವ, ಔಷಧ ನಿಮ್ಮ ಕೈಲಿ ಮಾತಾಡಿಸ್ತಿದೆ" ಎಂದ ಭಾವಮೈದ, ಬೆವರೊರೆಸುತ್ತ.

"ಇಲ್ಲಪ್ಪ. ಇದು ನಾನೇ."

ಹೆಂಡತಿ ಡಬ್ಬಿ ಹಿಡಿದು ನಿಂತೇ ಇದ್ದಳು. ಊಟ ಆರಿತ್ತು.

ಗೊರಕಪ್ಪ ಮನೆಗೆ ನಡೆದು, ಫ್ರಿಜ್ಜಿನಿಂದ ಸೂಜಿಯ ಡಬ್ಬಿ ಎತ್ತಿಕೊಂಡು, ಬೀದಿಯ ಸೋಡಾ ಅಂಗಡಿಯವನ ಮುಂದೆ ಇಟ್ಟ. ಸೋಡಾದವನು ತನ್ನ ಫ್ರಿಜ್ಜಿನ ಬಾಟಲಿಗಳನ್ನು ಸರಿಸಿ ಜಾಗ ಮಾಡಿದ. ಕರುಣೆಯೇನಲ್ಲ; ಹಾಸಿಗೆ ಅಂಗಡಿಯ ಲಾರಿ ಅವನ ಬಾಗಿಲಿಗೆ ಅಡ್ಡ ನಿಲ್ಲುವ ವಿಚಾರದಲ್ಲಿ ಹಳೆಯ ಹಗೆಯಿತ್ತು.

ಗೆದ್ದವನಿಗೆ ಹಾರ ಬಿತ್ತೆಂದುಕೊಳ್ಳಬೇಡಿ. 'ರಕ್ತದಲ್ಲಿ ಕಾಯಿಲೆ' ಎಂಬ ಮಾತು ಬೀದಿಯ ಆ ತುದಿ ಮುಟ್ಟುವಷ್ಟರಲ್ಲಿ ಗಾಳಿಯಲ್ಲಿ ಹರಡುವ ಕಾಯಿಲೆಯಾಗಿತ್ತು. ಕ್ಷೌರದವನು ಕೈ ಆಡಿಸಿ ಹೊರಗಿನಿಂದಲೇ ಕಳಿಸಿದ. ಟೀ ಅಂಗಡಿಯಲ್ಲಿ ಅವನಿಗೊಂದು ಲೋಟ ಬೇರೆಯಾಯಿತು. ರಕ್ತ ರಕ್ತಕ್ಕೆ ಸೇರಿದರೆ ಮಾತ್ರ ಅಂಟುತ್ತದೆ, ಲೋಟದಿಂದಲ್ಲ ಎಂದು ಡಾಕ್ಟರಮ್ಮ ಹೇಳಿದ್ದನ್ನು ಅವನು ಹೇಳಿದರೆ ಟೀಯವನು, "ಇರಬಹುದು, ಲೋಟ ಆದರೂ ಅದೇ" ಎಂದ. ಶೋಕೇಸಿನ ಹಾಸಿಗೆಯನ್ನು ಪುಕ್ಕಟೆ ಕೊಟ್ಟರೂ ಒಯ್ಯುವವರಿಲ್ಲ. ಭಾವಮೈದ ಬಟ್ಟೆ ಅಂಗಡಿಯಿಂದ ಬೊಂಬೆಯೊಂದನ್ನು ತಂದು, ಪೈಜಾಮ ತೊಡಿಸಿ, ಗೊರಕಪ್ಪನ ಜಾಗದಲ್ಲಿ ಮಲಗಿಸಿದ. ಬೊಂಬೆಗೆ ಕಣ್ಣು ಮುಚ್ಚಲು ಬರುತ್ತಿರಲಿಲ್ಲ. ಆ ಮದುವೆ ಕಾಲ ಹಾಗೇ ಕಳೆಯಿತು.

ಕೆಲಸವಿಲ್ಲದ ಗೊರಕಪ್ಪ ಬೆಳಿಗ್ಗೆ ಬೀದಿ ಅಳೆದ, ಸಂಜೆ ಬೀದಿ ಅಳೆದ, ದಾರಿಯಲ್ಲಿ ಸಿಕ್ಕವರನ್ನು ಸಿಗಿದ. ಹಗಲು ಹಾಸಿಗೆಯ ಮುಖ ನೋಡಲಿಲ್ಲ. ಮನೆಯ ಶಿಖರವನ್ನು ಕೆಡವಿ ಒಂದೇ ಹಾಸಿಗೆ ಉಳಿಸಿಕೊಂಡ. ಒಮ್ಮೊಮ್ಮೆ ಒಂದು ತಾಸು, ಎರಡು ತಾಸು ರೆಪ್ಪೆ ಅಂಟುತ್ತಿತ್ತು. ವಾರವಾರ ಸೋಡಾದವನ ಬೆಂಚಿನ ಮೇಲೆ ಕೂತು ಹೊಟ್ಟೆಗೆ ತಾನೇ ಚುಚ್ಚಿಕೊಂಡ. ಒಂದು ಸೂಜಿಯೂ ತಪ್ಪಲಿಲ್ಲ. ವರ್ಷ ಮುಗಿಯಿತು, ರಕ್ತ ಪರೀಕ್ಷೆ ಮಾಡಿದರು, ಲಿವರಿನ ನೆಂಟ ಇರಲಿಲ್ಲ. ಆರು ತಿಂಗಳು ಬಿಟ್ಟು ಮತ್ತೆ ನೋಡಿದರು. ಇರಲಿಲ್ಲ.

ಔಷಧದ ಜೊತೆ ಸಿಟ್ಟೂ ಇಳಿಯಿತು. ನಿದ್ದೆ, ತವರಿಗೆ ಹೋದ ಹೆಣ್ಣಿನ ಹಾಗೆ, ಗಂಟುಮೂಟೆ ಸಮೇತ ವಾಪಸು ಬಂತು. ಬೊಂಬೆಯಿಂದ ಬೇಸತ್ತ ಭಾವಮೈದನೂ ಬಾಗಿಲಿಗೆ ಬಂದ. "ಭಾವ, ಆದದ್ದು ಆಯಿತು. ದಯವಿಟ್ಟು ಬಂದು ಮಲಗಿ." ಗೊರಕಪ್ಪ, "ಅದಕ್ಕೇನಪ್ಪ" ಎಂದು ನಕ್ಕು ಚಪ್ಪಲಿ ಮೆಟ್ಟಿದ. ಅದೇ ಹತ್ತಿಯಂಥ ಮನುಷ್ಯ. ಹೆಂಡತಿಯ ಮುಂದೆಯೂ ಅವನು ಆ ಮಾತು ಎತ್ತಲಿಲ್ಲ. ಎತ್ತಿದ್ದರೆ ಅವಳು ಅತ್ತು ಹಗುರಾಗುತ್ತಿದ್ದಳೋ ಏನೋ.

ಈಗ ಶೋಕೇಸಿನಲ್ಲಿ ಮತ್ತೆ ಗಾಜು ಅದುರುತ್ತದೆ. ವ್ಯಾಪಾರ ಮೊದಲಿನಂತಿದೆ. ಅಕ್ಕ ತಮ್ಮ ಮಾತ್ರ ಅಂಗಡಿಯಲ್ಲಿ ಕಣ್ಸನ್ನೆಯಲ್ಲೇ ವ್ಯವಹರಿಸುತ್ತಾರೆ. ಮನೆಯಲ್ಲಿ ಅವಳು ತಮ್ಮನಿಗೆ ಫೋನ್ ಮಾಡಬೇಕಾದರೆ ಬೀದಿಗೆ ಬರುತ್ತಾಳೆ. ಕಣ್ಣಿನ ಸುತ್ತ ಕಪ್ಪು ಕಟ್ಟಿದೆ. ಗೊರಕೆ ನಿಜದ್ದೋ ನಟನೆಯದೋ ಎಂದು ಕಿವಿಗೊಟ್ಟು ಮಲಗುವವಳಿಗೆ ನಿದ್ದೆ ಎಲ್ಲಿಯದು? ತಮ್ಮನನ್ನು ಕೇಳಿದರೆ ಅವನೂ ಅಷ್ಟೇ. ಮನೆಯಲ್ಲಿ ಮೂರು ಹಾಸಿಗೆ ಬದಲಿಸಿದನಂತೆ.

ಮೊನ್ನೆ ಅಂಗಡಿ ಖಾಲಿಯಿದ್ದಾಗ ಅವನು ಶೋಕೇಸಿನೊಳಗೆ ಬಗ್ಗಿ, ಗೊರಕಪ್ಪನ ಮುಖಕ್ಕೆ ಮುಖ ತಂದು, ಪಿಸುಗುಟ್ಟಿದ.

"ಭಾವ, ಎಚ್ಚರ ಇದೀರಾ?"

ಗೊರಕೆ ಒಂದು ತಾಳ ತಪ್ಪಿತು. ಮತ್ತೆ ಸೇರಿಕೊಂಡಿತು.